ಚುಕ್ಕೆ ಎಲ್ಲಿಂದ ಬಂತೆಂದು ನಕ್ಷೆಯೇ ಹೇಳಲಿ

ಕುಷ್ಟಗಿ ತಾಲ್ಲೂಕಿನ ನೆಲಕ್ಕೆ ಈಚಿನ ವರ್ಷಗಳಲ್ಲಿ ಅಳತೆಯ ಕಾಟ ಹೆಚ್ಚಾಗಿದೆ. ಗದಗ–ವಾಡಿ ಮಾರ್ಗಕ್ಕೆ ಹೊಲಗಳು ಹೋದವು, 2025ರ ಮೇ ತಿಂಗಳಲ್ಲಿ ಊರಿಗೆ ರೈಲೂ ಬಂತು. ಹೊಸಪೇಟೆ–ವಿಜಯಪುರ ಹೆದ್ದಾರಿ ಅಗಲವಾಗಿದೆ, ಕೃಷ್ಣೆಯ ನೀರು ತರುವ ಕೊಪ್ಪಳ ಏತ ನೀರಾವರಿಗೆ ಜಾಗ ಬೇಕು, ಎರೆ ಹೊಲಗಳ ನಡುವೆ ಗಾಳಿ ವಿದ್ಯುತ್ತಿನ ಕಂಬಗಳು ಎದ್ದಿವೆ. ಅಣ್ಣ ತಮ್ಮಂದಿರ ಪಾಲು, ಪೋಡಿ, ಹದ್ದುಬಸ್ತು ಮೊದಲಿನಿಂದ ಇದ್ದದ್ದೇ. ಇವೆಲ್ಲಕ್ಕೂ ನಕ್ಷೆ ಬೇಕು, ಆ ನಕ್ಷೆ ಈಗ ಕಂಪ್ಯೂಟರಿನಲ್ಲಿ ಮೂಡುತ್ತದೆ. ರೈತನ ಕೈಗೆ ಬರುವ ಹಾಳೆಯಲ್ಲಿ ಗೆರೆಗಳು ನೇರ, ಮೂಲೆಗಳು ಚೂಪು, ವಿಸ್ತೀರ್ಣ ಎಕರೆ-ಗುಂಟೆಯ ಲೆಕ್ಕಕ್ಕೆ ಸರಿಯಾಗಿ ಕೂತಿರುತ್ತದೆ. ಈ ಅಚ್ಚುಕಟ್ಟುತನವನ್ನೇ ನಿಖರತೆಯೆಂದು ನಂಬುವುದು ಅಪಾಯ. ನಕ್ಷೆಯ ಪ್ರತಿ ಚುಕ್ಕೆಯ ಪಕ್ಕದಲ್ಲಿ ಅದು ಎಲ್ಲಿಂದ ಬಂತು ಎಂಬುದನ್ನೂ ನಮೂದಿಸುವುದು ಕಡ್ಡಾಯವಾಗಬೇಕು ಎಂಬುದು ನನ್ನ ವಾದ.

ಚುಕ್ಕೆ ಇಡುವ ಕೆಲಸ ನೋಡುವುದಕ್ಕೆ ಸಣ್ಣದು. 1963ರಲ್ಲಿ ಅಮೆರಿಕದ ಎಂಐಟಿಯಲ್ಲಿ ಐವಾನ್ ಸದರ್ಲೆಂಡ್ ‘ಸ್ಕೆಚ್‌ಪ್ಯಾಡ್’ ರೂಪಿಸಿದಾಗಲೇ ಪರದೆಯ ಮೇಲೆ ಕೈಯಿಂದ ತೋರಿಸಿದ ಬಿಂದು ಕರಾರುವಾಕ್ಕಾಗಿರುವುದಿಲ್ಲ ಎಂಬುದು ಸ್ಪಷ್ಟವಿತ್ತು. ಅದಕ್ಕೇ ಬೆಳಕಿನ ಪೆನ್ನು ಗೆರೆಯ ಹತ್ತಿರ ಬಂದರೆ ಬಿಂದು ತಾನೇ ಗೆರೆಗೆ ಅಂಟಿಕೊಳ್ಳುವ ಏರ್ಪಾಡು ಅದರಲ್ಲಿತ್ತು. 1982ರ ಕೊನೆಯಲ್ಲಿ ಬಂದ ಆಟೋಕ್ಯಾಡ್ ಮತ್ತು ಅದರ ನಂತರದ ತಂತ್ರಾಂಶಗಳಲ್ಲಿ ಮುಖ್ಯವಾಗಿ ಮೂರು ದಾರಿಗಳಿವೆ: ನಿರ್ದೇಶಾಂಕಗಳನ್ನೇ ಟೈಪ್ ಮಾಡುವುದು, ಹಿಂದಿನ ಬಿಂದುವಿನಿಂದ ಇಷ್ಟು ದೂರ, ಇಷ್ಟು ಕೋನ ಎಂದು ಕೊಡುವುದು, ಇಲ್ಲವೇ ‘ಸ್ನ್ಯಾಪ್’ ಹಾಕಿ ಇರುವ ಗೆರೆಯ ತುದಿಯನ್ನೋ ಎರಡು ಗೆರೆ ಕೂಡುವಲ್ಲಿಯೋ ಹಿಡಿಯುವುದು. ನಾಲ್ಕನೆಯದೊಂದು ಅಡ್ಡದಾರಿ ಇದೆ. ಕಣ್ಣಂದಾಜಿನಲ್ಲಿ ಮೌಸ್ ಒತ್ತುವುದು. ಹಾಗೆ ಕೂಡಿಸಿದ ಮೂಲೆ ದೂರದಿಂದ ಮುಚ್ಚಿದಂತೆ ಕಂಡರೂ ಹಿಗ್ಗಿಸಿ ನೋಡಿದರೆ ಬಾಯಿ ಬಿಟ್ಟಿರುತ್ತದೆ. ಸ್ನ್ಯಾಪ್ ಕೂಡ ಪೂರ್ತಿ ನಂಬಿಗಸ್ತನಲ್ಲ, ಪಕ್ಕದ ತಪ್ಪು ತುದಿಯನ್ನು ಹಿಡಿದು ಸುಮ್ಮನಿರುತ್ತದೆ. ಎಲ್ಲಕ್ಕಿಂತ ದೊಡ್ಡ ತೊಡಕೆಂದರೆ, ಹೇಗೆ ಇಟ್ಟರೂ ತಂತ್ರಾಂಶ ಆ ಬಿಂದುವನ್ನು ಹದಿನೈದು ಅಂಕಿಗಳ ತನಕ ನೆನಪಿಟ್ಟುಕೊಳ್ಳುತ್ತದೆ. ಅಳೆದು ಇಟ್ಟ ಚುಕ್ಕೆಗೂ ಊಹಿಸಿ ಇಟ್ಟ ಚುಕ್ಕೆಗೂ ಅದು ಒಂದೇ ಮರ್ಯಾದೆ ಕೊಡುತ್ತದೆ.

ಆ ಅಂಕಿಗಳ ಬೇರು ಎಲ್ಲಿದೆ ನೋಡಿ. ರಾಜ್ಯದ ಹಳೆಯ ಟಿಪ್ಪಣಿಗಳಲ್ಲಿ ಅಳತೆ ಇರುವುದು ಸರಪಳಿ-ಆಣೆಗಳಲ್ಲಿ. ಸರಪಳಿ 33 ಅಡಿ, ಅದರ ಹದಿನಾರನೇ ಒಂದು ಭಾಗ ಆಣೆ. ಅಂದರೆ ಒಂದು ಆಣೆ ಎರಡು ಅಡಿಗಿಂತ ತುಸು ಹೆಚ್ಚು. ಒಣಬೇಸಾಯದ ಹೊಲದಲ್ಲಿ ಎರಡು ಅಡಿಗೆ ಯಾರು ಜಗಳ ತೆಗೆಯುತ್ತಾರೆ ಎನ್ನುವವರು ಈ ಲೆಕ್ಕ ಹಾಕಲಿ. ಸಾವಿರ ಅಡಿ ಉದ್ದದ ಬದುವಿನುದ್ದಕ್ಕೂ ಒಂದು ಆಣೆ ಸರಿದರೆ ಹೋಗುವುದು 2,062 ಚದರಡಿ, ಹೆಚ್ಚುಕಡಿಮೆ ಎರಡು ಗುಂಟೆ. 30×40ರ ಒಂದೂವರೆ ನಿವೇಶನಕ್ಕಿಂತ ಹೆಚ್ಚು! ಹೆದ್ದಾರಿ ಅಥವಾ ರೈಲು ನಿಲ್ದಾಣದ ಬದಿಯ ಹೊಲವಾದರೆ ಅದರ ಬೆಲೆ ಏನೆಂದು ಕುಷ್ಟಗಿಯವರಿಗೆ ಹೇಳಿಕೊಡಬೇಕಾಗಿಲ್ಲ. ಗ್ರಾಮ ನಕ್ಷೆಗಳದು ಇನ್ನೂ ಒರಟು. ಮೈಲಿಗೆ ಎಂಟು ಇಂಚಿನ, ಅಂದರೆ 1:7920ರ ಪ್ರಮಾಣದ ಹಾಳೆಯಲ್ಲಿ ಅರ್ಧ ಮಿಲಿಮೀಟರ್ ದಪ್ಪದ ಶಾಯಿ ಗೆರೆ ನೆಲದ ಮೇಲೆ ಸುಮಾರು ನಾಲ್ಕು ಮೀಟರ್ ಅಗಲ. ಅಂಥ ಹಾಳೆಯನ್ನು ಸ್ಕ್ಯಾನ್ ಮಾಡಿ, ಮೇಲೆ ಗೆರೆ ಎಳೆದು, ಮೂಲೆಗೆ ಮೀಟರಿನ ಮೂರು ದಶಮಾಂಶ ಬರೆದರೆ ಆ ದಶಮಾಂಶಗಳಿಗೆ ಅರ್ಥವೇ ಇಲ್ಲ. ಫೋನಿನಲ್ಲಿ ‘ದಿಶಾಂಕ್’ ತೆರೆದು, ಹೊಲದಲ್ಲಿ ನಿಂತು, ‘ನೀಲಿ ಚುಕ್ಕೆ ನನ್ನ ಸರ್ವೆ ನಂಬರಿನೊಳಗೇ ಇದೆ’ ಎಂದು ವಾದಿಸುವವರಿಗೂ ಇದೇ ಉತ್ತರ. ಆ್ಯಪ್ ಇರುವುದು ದಾರಿ ತೋರಲಿಕ್ಕೆ, ಬದು ತೀರ್ಮಾನಿಸಲಿಕ್ಕಲ್ಲ.

ಇದೆಲ್ಲ ಹಳೆಯ ಕಾಲದ ಚಿಂತೆ, ಈಗ ರೋವರ್ ಬಂದಿದೆ ಎನ್ನುವ ಆಕ್ಷೇಪಣೆ ಬರುತ್ತದೆ. ನಿಜ, ಉಪಗ್ರಹದ ಸಂಕೇತವನ್ನು ಸ್ಥಿರ ಕೇಂದ್ರಗಳ ನೆರವಿನಿಂದ ತಿದ್ದಿಕೊಳ್ಳುವ ರೋವರ್ ಕೆಲವೇ ಸೆಂಟಿಮೀಟರುಗಳ ಒಳಗೆ ಜಾಗ ಹೇಳುತ್ತದೆ. ಆದರೆ ಅದು ಹೇಳುವುದು ಕೋಲು ಊರಿದ ಜಾಗವನ್ನು. ಕೋಲು ಎಲ್ಲಿ ಊರಬೇಕು ಎಂಬುದಕ್ಕೆ ಬಾಂದ ಕಲ್ಲು, ಟಿಪ್ಪಣಿ, ನೆರೆಹೊಲದವರ ಒಪ್ಪಿಗೆ ಬೇಕೇ ಬೇಕು. ಕಲ್ಲು ಕಿತ್ತುಹೋದ ಕಡೆ ಈಗಿನ ಬದುವಿನ ಮೇಲೆ ಕೋಲು ಊರಿದರೆ, ಒತ್ತುವರಿಗೇ ಸೆಂಟಿಮೀಟರ್ ನಿಖರತೆಯ ದಾಖಲೆ ಸಿಕ್ಕಂತಾಗುತ್ತದೆ. ಇನ್ನೊಂದು ಸೂಕ್ಷ್ಮವೂ ಇದೆ. ಭಾರತದ ಹಳೆಯ ಸ್ಥಳನಕ್ಷೆಗಳು ಎವರೆಸ್ಟ್ ಕೊಟ್ಟ ಭೂಗೋಳದ ಲೆಕ್ಕವನ್ನು ಆಧರಿಸಿವೆ, ಉಪಗ್ರಹಗಳದ್ದು ಡಬ್ಲ್ಯುಜಿಎಸ್-84. ಅಕ್ಷಾಂಶ ರೇಖಾಂಶದ ಅಂಕಿ ಒಂದೇ ಆದರೂ ನಮ್ಮ ಭಾಗದಲ್ಲಿ ಎರಡರ ನಡುವೆ ನೂರು ಮೀಟರಿಗೂ ಹೆಚ್ಚು ಅಂತರ ಬೀಳುತ್ತದೆ. ಯಾವ ಲೆಕ್ಕದ ಅಂಕಿ ಎಂದು ಬರೆಯದ ನಿರ್ದೇಶಾಂಕ, ಗಾಳಿ ಕಂಬವನ್ನು ಪಕ್ಕದವರ ಹೊಲಕ್ಕೆ ಕಳಿಸಬಲ್ಲದು.

ಇದಕ್ಕೆ ತದ್ವಿರುದ್ಧ ವಾದವೂ ಉಂಟು: ಕಲ್ಲೇ ಪ್ರಮಾಣ, ಕಂಪ್ಯೂಟರಿನ ಗೊಡವೆ ಬೇಡ. ಅರ್ಧ ಒಪ್ಪಬೇಕಾದ ಮಾತು. ಆದರೆ ಜೆಸಿಬಿ ಒಮ್ಮೆ ಬದು ಸವರಿದರೆ ಕಲ್ಲೂ ಇಲ್ಲ, ಸಾಕ್ಷಿಯೂ ಇಲ್ಲ. ಕಲ್ಲು ಇದ್ದಾಗಲೇ ಅದರ ಮೇಲೆ ರೋವರ್ ಇಟ್ಟು ಬರೆದುಕೊಂಡ ಅಂಕಿ, ಕಲ್ಲು ಹೋದ ಮೇಲೆ ಅದೇ ಜಾಗವನ್ನು ಮತ್ತೆ ತೋರಿಸುತ್ತದೆ. ಹಾಗಾಗಿ 11ಇ ನಕ್ಷೆಯಲ್ಲಿ, ಪೋಡಿ ನಕ್ಷೆಯಲ್ಲಿ ಪ್ರತಿ ಮೂಲೆಗೂ ನಿರ್ದೇಶಾಂಕದ ಜೊತೆ ಒಂದು ಗುರುತಕ್ಷರ ಇರಲಿ: ಮೂಲ ಕಲ್ಲು ಸಿಕ್ಕಿ ಅಳೆದದ್ದೋ, ಟಿಪ್ಪಣಿಯಿಂದ ಲೆಕ್ಕ ಹಾಕಿದ್ದೋ, ಬದು ನೋಡಿ ಹಿಡಿದದ್ದೋ, ಹಾಳೆಯ ಮೇಲಿಂದ ತೆಗೆದದ್ದೋ. ಈಗಲೇ ಅರ್ಜಿಗಳ ರಾಶಿಯಡಿ ಇರುವ ಭೂಮಾಪಕರಿಗೆ ಇದು ಹೊರೆ ಎನ್ನಬಹುದು. ಚುಕ್ಕೆಯೊಂದಕ್ಕೆ ಒಂದಕ್ಷರದ ಹೊರೆ ಅಷ್ಟೇ. ಅದನ್ನು ತುಂಬದೆ ನಕ್ಷೆ ಮುಂದಕ್ಕೆ ಹೋಗದಂತೆ ತಂತ್ರಾಂಶವೇ ತಡೆಯಬಹುದು. ಐಟಿಐ, ಪಾಲಿಟೆಕ್ನಿಕ್ಕುಗಳಲ್ಲಿ ಡ್ರಾಫ್ಟಿಂಗ್ ಕಲಿಯುವ ಹುಡುಗ ಹುಡುಗಿಯರಿಗೂ ಆಜ್ಞೆಗಳ ಪಟ್ಟಿಯ ಜೊತೆಗೆ ಈ ಅಭ್ಯಾಸ ಮೊದಲ ದಿನದಿಂದಲೇ ಹತ್ತಬೇಕು.

ಇಲಾಖೆಯ ನಿಜವಾದ ಅಳುಕು ಬೇರೆ ಇರಬಹುದು. ಗುರುತಕ್ಷರ ಬಂದರೆ ಎಷ್ಟು ಮೂಲೆಗಳು ಬರೀ ಅಂದಾಜು ಎಂಬುದು ಬಯಲಾಗಿ, ಮುಗಿದ ಪ್ರಕರಣಗಳೂ ಮತ್ತೆ ಏಳುತ್ತವೆ ಎಂಬ ಅಳುಕು. ಏಳಬಹುದು. ಆದರೆ ಪರಿಹಾರದ ಹಣ ಹಂಚಿದ ಮೇಲೆ ಕೋರ್ಟಿನಲ್ಲಿ ಏಳುವುದಕ್ಕಿಂತ ಅದು ಸರ್ವೆ ಕಚೇರಿಯ ಮೇಜಿನ ಮೇಲೆ ಮೊದಲೇ ಏಳುವುದು ರೈತನಿಗೆ ಅಗ್ಗ. ಇಡೀ ಜಿಲ್ಲೆಗೆ ಒಮ್ಮೆಲೇ ಆಗದಿದ್ದರೆ ಕಾಲುವೆ, ರೈಲು, ಹೆದ್ದಾರಿಗೆ ಹೊಂದಿದ ಸರ್ವೆ ನಂಬರುಗಳಿಂದ ಶುರು ಮಾಡಲಿ.