ಓದಿದ ಮೇಲೆ ನಿದ್ದೆ ಬರಲಿಲ್ಲ

ಹೋದ ಸಂಚಿಕೆಯಲ್ಲಿ ನಮ್ಮ ಕ್ಲಾಸಿನ ಒಬ್ಬ ಗೆಳೆಯ "ಕತೆ ಕಾದಂಬರಿ ಓದುವುದು ಕಾಲಹರಣ, ಅದರಲ್ಲೂ ಈಗಿನವರ ಕತೆಗಳಲ್ಲಿ ಬರೀ ಗೋಳು, ಪರಿಹಾರ ಇರುವುದೇ ಇಲ್ಲ" ಎಂದು ಬರೆದಿದ್ದ. ಅಕ್ಷರ ಮುತ್ತಿನ ಹಾಗಿತ್ತು, ಅದನ್ನು ಒಪ್ಪುತ್ತೇನೆ. ವಿಷಯ ಒಪ್ಪಲ್ಲ. ಅವನಿಗೆ ಉತ್ತರ ಕೊಡೋಣ ಅಂತ ಕೂತೆ. ಬರೀತಾ ಬರೀತಾ ಅದು ಬೇರೆ ಕಡೆಗೇ ಹೋಯಿತು.

ನಾನು ಮೊದಲು ಓದಿದ್ದು ತೇಜಸ್ವಿಯವರ 'ಕರ್ವಾಲೊ'. ೧೯೮೦ರಲ್ಲಿ ಬಂದ ಕಾದಂಬರಿ. ನಮ್ಮ ಜಿಲ್ಲೆಯ ಮೂಡಿಗೆರೆಯಲ್ಲೇ ತೋಟ ಮಾಡಿಕೊಂಡಿದ್ದವರು ಬರೆದದ್ದು. ಒಂದು ಹಾರುವ ಓತಿಗೋಸ್ಕರ ಒಬ್ಬ ದೊಡ್ಡ ವಿಜ್ಞಾನಿ ಮಂದಣ್ಣನನ್ನು ಕಟ್ಟಿಕೊಂಡು ಕಾಡು ಅಲೀತಾರೆ. ಮಂದಣ್ಣನನ್ನು ಊರಲ್ಲಿ ಯಾರೂ ಲೆಕ್ಕಕ್ಕೇ ಇಟ್ಟಿರಲ್ಲ, ಆದರೆ ಆ ವಿಜ್ಞಾನಿ ಇಡುತ್ತಾರೆ. ನಮ್ಮ ಕಡೆ ಅಂಥ ಕಾಡಿಲ್ಲ, ಇರೋದು ಈರುಳ್ಳಿ ಹೊಲ. ಆದರೂ ಅದನ್ನು ಓದಿದ ಮೇಲೆ ಬೇಲಿ ಮೇಲೆ ಓತಿಕ್ಯಾತ ಕಂಡರೆ ಕಲ್ಲು ಹೊಡೆಯೋದು ಬಿಟ್ಟೆ. ಇದು ಕಾಲಹರಣವೋ ಅಲ್ಲವೋ, ಓತಿಕ್ಯಾತನನ್ನು ಕೇಳಬೇಕು.

ಆಮೇಲೆ ಕನ್ನಡ ಮೇಡಂ ಬಾನು ಮುಷ್ತಾಕ್ ಅವರ ಕತೆಗಳನ್ನು ಕೊಟ್ಟರು. ಇವರ ಹನ್ನೆರಡು ಕತೆಗಳನ್ನು ದೀಪಾ ಭಾಸ್ತಿಯವರು ಇಂಗ್ಲಿಷಿಗೆ ಮಾಡಿ, ೨೦೨೫ರ ಮೇ ತಿಂಗಳಲ್ಲಿ ಅದಕ್ಕೆ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು. ಕನ್ನಡಕ್ಕೆ ಅದೇ ಮೊದಲು. ಪ್ರಾರ್ಥನೆ ಹೊತ್ತಲ್ಲಿ ಸುದ್ದಿ ಓದಿದಾಗ ನಾವೆಲ್ಲ ಚಪ್ಪಾಳೆ ಹೊಡೆದೆವು, ಆದರೆ ಕತೆ ಯಾರೂ ಓದಿರಲಿಲ್ಲ. ಇವರು ಹಾಸನದವರು, ವಕೀಲರು. ಎಂಟು ವರ್ಷದವರಿದ್ದಾಗ ಶಿವಮೊಗ್ಗದಲ್ಲಿ ಕನ್ನಡ ಶಾಲೆಗೆ ಸೇರಿಸುವಾಗ, ಆರು ತಿಂಗಳಲ್ಲಿ ಕನ್ನಡ ಓದು ಬರಹ ಕಲಿಯಬೇಕು ಎಂದು ಷರತ್ತು ಹಾಕಿದ್ದರಂತೆ. ಕೆಲವೇ ದಿನಕ್ಕೆ ಬರೆಯೋಕೆ ಶುರು ಮಾಡಿದರಂತೆ. (ಒತ್ತಕ್ಷರ ತಪ್ಪುವ ನಮ್ಮ ಹಿಂದಿನ ಬೆಂಚಿನವರು ಇದನ್ನು ಎರಡು ಸಲ ಓದಬೇಕಾಗಿ ವಿನಂತಿ.)

ಅದರಲ್ಲಿ 'ಎದೆಯ ಹಣತೆ' ಅಂತ ಒಂದು ಕತೆ. ಮೆಹರುನ್ ಎಂಬಾಕೆಯ ಗಂಡ ಬೇರೆ ಹೆಂಗಸಿನ ಸಹವಾಸ ಮಾಡಿರುತ್ತಾನೆ. ಇವಳು ಕೂಸನ್ನು ಎತ್ತಿಕೊಂಡು ತವರಿಗೆ ಬರುತ್ತಾಳೆ. ಅಣ್ಣತಮ್ಮಂದಿರು ಮರ್ಯಾದೆ ಅಂತ ಹೇಳಿ ಅವಳನ್ನು ವಾಪಸ್ ತಂದು ಬಿಡುತ್ತಾರೆ. ಅವತ್ತು ರಾತ್ರಿ ಅವಳು ಸೀಮೆಎಣ್ಣೆ ಸುರಿದುಕೊಳ್ಳುತ್ತಾಳೆ. ಮಗಳು ಸಲ್ಮಾ ಬಂದು ತಡೀತಾಳೆ. ಅಷ್ಟೆ ಕತೆ.

ಓದಿ ಮುಚ್ಚಿಟ್ಟು ಮಲಗಿದೆ. ನಿದ್ದೆ ಬರಲಿಲ್ಲ, ಯಾಕೆ ಅಂತ ಹೇಳುತ್ತೇನೆ. ಮನೆ ವಿಷಯ ಗೋಡೆಗೆ ಹಚ್ಚಬಾರದು ಅಂತ ಗೊತ್ತು. ಅದಕ್ಕೆ ಹೆಸರು, ಊರು ಬರೆಯಲ್ಲ.

ಎರಡು ವರ್ಷದ ಹಿಂದೆ, ಈರುಳ್ಳಿ ಕೀಳುವ ಕಾಲದಲ್ಲಿ, ನಮ್ಮ ಅತ್ತೆ ಸಂಜೆ ಬಸ್ಸಿಗೆ ಮಗು ಕರ್ಕೊಂಡು ಬಂದಳು. ಕೊಟ್ಟಿರೋದು ಕಡೂರಿನ ಕಡೆಗೆ. ಹೇಳದೆ ಕೇಳದೆ ಬಂದಿದ್ದಳು. ರಾತ್ರಿ ಜಗುಲಿ ಮೇಲೆ ಅಪ್ಪ, ದೊಡ್ಡಪ್ಪ ಮಾತಾಡಿದರು. ನಾನು ಒಳಗೆ ಹೋಂವರ್ಕ್ ಮಾಡ್ತಿದ್ದೆ, ಎಲ್ಲ ಕೇಳಿಸುತ್ತಿತ್ತು. ದೊಡ್ಡಪ್ಪ "ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಕಣಮ್ಮ, ಹೊಂದ್ಕಂಡು ಹೋಗು" ಅಂದರು. ಅತ್ತೆ ಒಂದೂ ಮಾತಾಡಲಿಲ್ಲ. ಮೂರನೇ ದಿನ ಬೆಳಿಗ್ಗೆ ಅವಳ ಚೀಲ ಹೊತ್ತುಕೊಂಡು ಬಸ್ ಸ್ಟ್ಯಾಂಡಿಗೆ ಬಿಟ್ಟು ಬಂದದ್ದು ನಾನು. ಬಸ್ಸು ಹತ್ತುವಾಗ ಅತ್ತೆ ನನ್ನ ಕೈಗೆ ಇಪ್ಪತ್ತು ರೂಪಾಯಿ ಇಟ್ಟು "ಏನಾರ ತಗಂಡು ತಿನ್ನು ಮಗಾ" ಅಂದಳು. ನಾನು ಬೋಂಡ ತಗೊಂಡು ತಿಂದೆ. ಬಿಸಿ ಇತ್ತು, ಚೆನ್ನಾಗಿಯೇ ಇತ್ತು. ಆ ಬೋಂಡ ನನಗೆ ಎರಡು ವರ್ಷ ನೆನಪೇ ಇರಲಿಲ್ಲ.

ಈ ಕತೆ ಮುಸ್ಲಿಮರ ಮನೆಯದು, ನಮಗೇನು ಸಂಬಂಧ ಅಂತ ಕ್ಲಾಸಲ್ಲಿ ಒಬ್ಬಳು ಕೇಳಿದಳು. ಹೆಸರು ತೆಗೆದು ನಮ್ಮ ಹೆಸರು ಹಾಕಿದರೆ ಜಗುಲಿ ಅದೇ, ಮಾತೂ ಅದೇ. ಅವಳಿಗೆ ಆಗ ಹೇಳೋಕೆ ಆಗಲಿಲ್ಲ, ಈಗ ಹೇಳ್ತಿದ್ದೀನಿ.

ಇನ್ನೊಂದು ಮಾತು. ಅಜ್ಜಂಪುರ ಸೀತಾರಾಂ ಅಂತ 'ಆನಂದ' ಹೆಸರಿನಲ್ಲಿ ಬರೀತಿದ್ದವರ 'ನಾನು ಕೊಂದ ಹುಡುಗಿ' ಕತೆ ಗೊತ್ತಲ್ಲ, ನಮ್ಮ ಅಜ್ಜಿಗಿಂತ ಹಿಂದಿನ ಕಾಲದ್ದು. ಅದರಲ್ಲಿ ಓದಿದ ಮನುಷ್ಯ ಒಬ್ಬ ಹಳ್ಳಿಗೆ ಬಂದು, ಬಸವಿ ಬಿಟ್ಟ ಹುಡುಗಿಗೆ ನೀನು ಮಾಡುತ್ತಿರುವುದು ತಪ್ಪು ಅಂತ ಬುದ್ಧಿ ಹೇಳುತ್ತಾನೆ. ಅವಳು ಬಾವಿಗೆ ಬೀಳುತ್ತಾಳೆ. ಆ ಕತೆಯಲ್ಲಿ ಒಬ್ಬನಾದರೂ "ನಾನು ಕೊಂದೆ" ಅಂತಾನೆ, ತಲೆಬರಹದಲ್ಲೇ ಒಪ್ಪಿಕೊಂಡುಬಿಡುತ್ತಾನೆ. ಮೆಹರುನ್ ಕತೆಯಲ್ಲಿ ಕಳಿಸಿದವರು ಯಾರೂ ನಾನು ಅನ್ನಲ್ಲ. ನಮ್ಮ ಜಗುಲಿಯಲ್ಲೂ ಯಾರೂ ಅನ್ನಲಿಲ್ಲ. ಹಾಗಾದರೆ ಚೀಲ ಹೊತ್ತವಳು ಯಾವ ಕತೆಗೆ ಸೇರಿದವಳು? ಚಿಕ್ಕವಳು, ಹೇಳಿದ್ದು ಮಾಡಿದೆ ಅನ್ನಬಹುದು. ಸಲ್ಮಾನೂ ಚಿಕ್ಕವಳೇ.

ಪರಿಹಾರ ಇಲ್ಲ ಅಂತ ಬರೆದ ಗೆಳೆಯನಿಗೆ ಇಷ್ಟು ಹೇಳ್ತೀನಿ. ಲೆಕ್ಕದ ಪುಸ್ತಕದ ಹಿಂದೆ ಉತ್ತರ ಇರುತ್ತೆ, ನಾವೆಲ್ಲ ಅದನ್ನು ನೋಡಿ ಬರೀತೀವಿ, ಸರ್‌ಗೂ ಗೊತ್ತು. ಕತೆಯ ಹಿಂದೆ ಉತ್ತರ ಇದ್ದಿದ್ದರೆ ಅದನ್ನೂ ನೋಡಿ ಬರೆದು ನಿದ್ದೆ ಮಾಡುತ್ತಿದ್ದೆ.

ಗುರುಗಳಲ್ಲಿ ಒಂದು ವಿನಂತಿ. ಪುಸ್ತಕದ ಬೀರು ಇನ್‌ಸ್ಪೆಕ್ಷನ್ ದಿನ ಮಾತ್ರ ತೆಗೀತೀರಿ. ಶನಿವಾರ ಒಂದು ಪೀರಿಯಡ್ ತೆಗೆದರೂ ಸಾಕು, ಹುಡುಗರು ಹರಿದು ಹಾಕದ ಹಾಗೆ ನಾನು ನೋಡಿಕೊಳ್ಳುತ್ತೇನೆ.

ಮೊನ್ನೆ ಭಾನುವಾರ ಅವ್ವ ಈರುಳ್ಳಿ ಬಾಲ ಕೊಯ್ತಾ ಕೂತಿದ್ದಾಗ ಆ ಕತೆ ಗಟ್ಟಿಯಾಗಿ ಓದಿದೆ. ಮುಗಿಯೋವರೆಗೂ ಅವ್ವ ತಲೆ ಎತ್ತಲಿಲ್ಲ. ಆಮೇಲೆ ಕೈ ಒರೆಸಿಕೊಂಡು "ಅತ್ತೆಗೆ ಫೋನ್ ಹಚ್ಚು" ಅಂದಳು. ಅತ್ತೆ "ಏನೇ ವಿಶೇಷ?" ಅಂದಳು. ಅವ್ವ "ಏನಿಲ್ಲ, ಹಬ್ಬಕ್ಕೆ ಬಾ, ಹೋಗೋ ದಿನ ನೀನೇ ಹೇಳು" ಅಂದಳು. ಅಪ್ಪ ಬಾಗಿಲಲ್ಲೇ ಇದ್ದರು. ಏನೂ ಅನ್ನಲಿಲ್ಲ.

— ಹತ್ತನೇ ತರಗತಿಯ ಒಬ್ಬ ವಿದ್ಯಾರ್ಥಿನಿ
(ಅಕ್ಷರ ಗೆಳತಿಯದು. ಕಂಡುಹಿಡಿದವರು ದಯವಿಟ್ಟು ಸುಮ್ಮನಿರಿ.)