ಹೆಸರು ಮುರುಗಲು, ಒಳಗೆ ಸಕ್ಕರೆ ನೀರು!

ಇಂದಿರಾಪುರಂ ಕನ್ನಡ ಬಂಧುಗಳೇ,

ಬರುವ ಭಾನುವಾರ ನಮ್ಮ ಸೊಸೈಟಿಯ ಬೇಸಿಗೆ ಮೇಳ. ‘ಕೋಕಂ ಶರಬತ್ತಿ’ನ ಮಳಿಗೆ ಅಂಗಡಿಯ ಬಾಟಲಿ ಮಾರುವವರ ಪಾಲಾಯಿತು. ಶಿರಸಿ, ಕುಮಟಾ ಕಡೆಯ ನಮ್ಮ ಹೆಣ್ಣುಮಕ್ಕಳು ಮನೆಯಲ್ಲಿ ಮಾಡಿದ ಮುರುಗಲು (ಕೋಕಂ) ಪಾನಕಕ್ಕೆ ಒಂದು ಮೇಜು ಕೇಳಿದರು. ಮೇಳದ ಸಮಿತಿ ಕೊಡಲಿಲ್ಲ. ಬಾಟಲಿಗೆ ಲೇಬಲ್ ಇಲ್ಲವಂತೆ!

ಲೇಬಲ್ ಇರುವ ಬಾಟಲಿಯನ್ನು ತಿರುಗಿಸಿ ಓದಿದ್ದೀರಾ? ಸಕ್ಕರೆ, ನೀರು, ಸಿಟ್ರಿಕ್ ಆಮ್ಲ, ಕೊನೆಯಲ್ಲಿ ‘ಅನುಮತಿ ಪಡೆದ ಕೃತಕ ಬಣ್ಣ’. ಹಣ್ಣು ಎಲ್ಲಿ? ಮುಂಭಾಗದ ಚಿತ್ರದಲ್ಲಿ.

ಅದರಲ್ಲೂ ಸಿಟ್ರಿಕ್ ಆಮ್ಲ ನೋಡಿ ಮೈ ಉರಿಯುತ್ತದೆ. ಮುರುಗಲಿನ ಹತ್ತಿರದ ಬಂಧು ಉಪ್ಪಾಗೆಯ ಹುಳಿ ಸಿಟ್ರಿಕ್ ಇರಬೇಕು, ಟಾರ್ಟಾರಿಕ್ ಇರಬೇಕು ಎಂದು ಬಹುಕಾಲ ಅಂದುಕೊಂಡಿದ್ದರು. ಅದು ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಎಂದು 1965ರಲ್ಲಿ ತೋರಿಸಿದವರು ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನ ವಿಜ್ಞಾನಿಗಳಾದ ಲೂಯಿಸ್ ಮತ್ತು ನೀಲಕಂಠನ್. ಉಪ್ಪಾಗೆಯ ಒಣ ಸಿಪ್ಪೆಯಲ್ಲಿ ಅದು ನೂರಕ್ಕೆ 20ರಿಂದ 30 ಭಾಗ ಇರುತ್ತದೆ. ಮುರುಗಲಿನ ಹುಳಿಯಲ್ಲೂ ಅದರದೇ ದೊಡ್ಡ ಪಾಲು. ಮೈಸೂರಿನಲ್ಲಿ ತಿದ್ದಿದ ತಪ್ಪನ್ನು ಈ ಬಾಟಲಿಯವರು ಮತ್ತೆ ತಂದು ನಮಗೆ ಕುಡಿಸುತ್ತಿದ್ದಾರೆ!

ಇನ್ನು ಬಣ್ಣ. ಮುರುಗಲಿನ ಕೆಂಪು ಆಂಥೋಸಯನಿನ್‌ಗಳದ್ದು, ಮುಖ್ಯವಾಗಿ ಸಯನಿಡಿನ್-3-ಗ್ಲುಕೋಸೈಡ್ ಮತ್ತು ಸಯನಿಡಿನ್-3-ಸ್ಯಾಂಬುಬಯೋಸೈಡ್. ಅವು ಬಿಸಿಲಿಗೂ ಬೆಂಕಿಗೂ ಬಾಡುತ್ತವೆ. ಮನೆಯ ಪಾನಕ ಹಳತಾದಂತೆ ಕಂದುಗಟ್ಟುವುದು ಅದಕ್ಕೇ, ಕೆಟ್ಟಿದೆ ಎಂದಲ್ಲ. ಅಂಗಡಿಯ ಕಪಾಟಿನಲ್ಲಿ ವರ್ಷವಿಡೀ ಕುಂಕುಮದಂತೆ ಹೊಳೆಯುವ ಬಾಟಲಿಯನ್ನೇ ಅನುಮಾನಿಸಬೇಕು. ನಂಬಿಕೆ ಬಾರದಿದ್ದರೆ ಲೋಟಕ್ಕೆ ಅಡುಗೆ ಸೋಡಾ ಹಾಕುತ್ತಾ ಹೋಗಿ. ಹುಳಿ ಸತ್ತ ಮೇಲೆ ಹಣ್ಣಿನ ಕೆಂಪು ನೇರಳೆಗೆ, ನೀಲಿಗೆ ತಿರುಗುತ್ತದೆ. ಕೃತಕ ಕೆಂಪು ಕದಲುವುದಿಲ್ಲ. ಬಿಳಿ ಮುರುಗಲು ಎಂಬುದೊಂದಿದೆ, ಅದರಲ್ಲಿ ಈ ಕೆಂಪೇ ಇಲ್ಲ. ಕೆಂಪಗಿದ್ದದ್ದೆಲ್ಲ ಕೋಕಂ ಎಂದು ನಂಬಿದ ನಮ್ಮ ಸಮಿತಿ ಅದನ್ನು ಕಂಡರೆ ನಕಲಿ ಎಂದು ಗೇಟಿನ ಹೊರಗೆ ಹಾಕೀತು.

‘ಮನೆಯ ಪಾನಕದಲ್ಲೂ ಸಕ್ಕರೆ ಇಲ್ಲವೇ’ ಎಂದು ಕೇಳುವ ಮಹಾನುಭಾವರಿದ್ದಾರೆ. ಇದೆ ಸ್ವಾಮಿ. ಮದುವೆಯಲ್ಲಿ ಪಾಯಸವೂ ಇರುತ್ತದೆ. ಹಾಗೆಂದು ವರನೇ ಇಲ್ಲದೆ ಮದುವೆ ಮುಗಿಸುತ್ತೀರಾ? ‘ಬಣ್ಣಕ್ಕೆ ಸರ್ಕಾರದ ಅನುಮತಿ ಇದೆ’ ಎನ್ನುವವರು ಇನ್ನೊಂದಷ್ಟು ಮಂದಿ. ಸಂತೋಷ, ಹಾಗಾದರೆ ‘ಬಣ್ಣದ ಶರಬತ್ತು’ ಎಂದೇ ಬೋರ್ಡ್ ಹಾಕಿ! ಸಾಂದ್ರ ರಸಕ್ಕೆ ನೀರು ಬೆರೆಸಿ ‘ಶೇ. 100 ಹಣ್ಣಿನ ರಸ’ ಎಂದು ಬರೆಯಬಾರದೆಂದು ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ 2024ರ ಜೂನ್‌ನಲ್ಲಿ ಆದೇಶಿಸಿತು. ಹಣ್ಣಿದ್ದವರಿಗೇ ಈ ಕಟ್ಟು. ಹಣ್ಣೇ ಇಲ್ಲದವರಿಗೆ ನಮ್ಮಲ್ಲಿ ರತ್ನಗಂಬಳಿ.

ಜಿಮ್‌ನವರು ನಗಬೇಕಿಲ್ಲ. ಅವರು ಮಾರುವ ‘ಗಾರ್ಸೀನಿಯಾ’ ಗುಳಿಗೆ ನಮ್ಮ ಉಪ್ಪಾಗೆಯದೇ. ಕೊಬ್ಬು ಕಟ್ಟುವ ಒಂದು ಕಿಣ್ವವನ್ನು ಅದರ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ತಡೆಯುತ್ತದೆ ಎಂದು 1969ರಲ್ಲಿ ಪ್ರಯೋಗಾಲಯದಲ್ಲಿ ಗೊತ್ತಾಯಿತು. ಹೊಟ್ಟೆ ಕರಗಿಸುವ ವ್ಯಾಪಾರ ಆಮೇಲೆ ಶುರು. ಅಮೆರಿಕದಲ್ಲಿ 135 ಜನರ ಮೇಲೆ 12 ವಾರ ಪರೀಕ್ಷೆ ನಡೆಸಿ 1998ರಲ್ಲಿ ಫಲಿತಾಂಶ ಪ್ರಕಟಿಸಿದರು: ಗುಳಿಗೆ ನುಂಗಿದವರಿಗೂ ಬರೀ ಹುಸಿಗುಳಿಗೆ ನುಂಗಿದವರಿಗೂ ತೂಕದಲ್ಲಿ ಹೇಳಿಕೊಳ್ಳುವ ವ್ಯತ್ಯಾಸವಿಲ್ಲ. ಇಂಥ ಕೆಲವು ಗುಳಿಗೆಗಳಿಂದ ಯಕೃತ್ತು ಕೆಟ್ಟ ವರದಿಗಳೂ ಬಂದಿವೆ. ಈ ಗುಳಿಗೆಯ ಆಸೆಗೆ 1990ರ ದಶಕದಲ್ಲಿ ಉತ್ತರ ಕನ್ನಡದಲ್ಲಿ ಹಣ್ಣಿಗಾಗಿ ಉಪ್ಪಾಗೆಯ ಕೊಂಬೆಗಳನ್ನೇ ಕಡಿದರು. ಮಳೆಗಾಲದ ಹಣ್ಣು, ಬಿಸಿಲಿಗೆ ಒಣಗದು. ಕಾಡಿನ ಸೌದೆ ಉರಿಸಿ ಒಣಗಿಸಿದರು. ಮೀನಿನ ಸಾರಿಗೆ ನಾಲ್ಕು ಎಸಳು ಹಾಕುವವರು ಮರ ಕಡಿದಿರಲಿಲ್ಲ.

ಅಸಾಯಿ ಪುಡಿಯ ಮನೆಗಳಿಗೂ ಒಂದು ಮಾತು. ಅಮೆಜಾನ್ ಕಾಡಿನ ಆ ನೇರಳೆ ಪುಡಿಗೆ ದುಡ್ಡು ಸುರಿಯುತ್ತೀರಲ್ಲ, ಅದರ ಬಣ್ಣದ ಮುಖ್ಯ ಘಟಕಗಳಲ್ಲೊಂದು ಅದೇ ಸಯನಿಡಿನ್-3-ಗ್ಲುಕೋಸೈಡ್! ಕಾರವಾರದಲ್ಲಿ ಮಂಗಳಾ ಎಕ್ಸ್‌ಪ್ರೆಸ್ ಹತ್ತಿಸಿದ ಒಣ ಮುರುಗಲು ದಿಲ್ಲಿಯ ನಿಜಾಮುದ್ದೀನಿಗೆ ಬಂದಿಳಿಯುತ್ತದೆ. ಅಲ್ಲಿಂದ ಇಲ್ಲಿಗೆ ಎಷ್ಟು ದೂರ? ಮುರುಗಲಿನಲ್ಲಿ ಗಾರ್ಸಿನಾಲ್ ಎಂಬ ಹಳದಿ ಉತ್ಕರ್ಷಣ ನಿರೋಧಕವೂ ಇದೆ. ಬೀಜದ ತುಪ್ಪ ತುಸು ಬಿಸಿಗೇ ಕರಗುವಂಥದು. ಹಿಮ್ಮಡಿ ಒಡೆದರೆ ಅಜ್ಜಿ ಹಚ್ಚುತ್ತಿದ್ದುದನ್ನೇ ಈಗ ಮಾಲ್‌ಗಳಲ್ಲಿ ‘ಬಾಡಿ ಬಟರ್’ ಎಂದು ಡಬ್ಬಿಯಲ್ಲಿಡುತ್ತಾರೆ.

ಇಷ್ಟಕ್ಕೆಲ್ಲ ಹೊರಗಿನವರನ್ನೇ ಬೈದರೆ ಸಾಲದು. ಕೊಂಕಣದವರು ಸಿಂಧುದುರ್ಗ-ರತ್ನಾಗಿರಿ ಕೋಕಂ ಎಂದು ಭೌಗೋಳಿಕ (ಜಿಐ) ಗುರುತು ಪಡೆದು, ಹಣ್ಣು ತಮ್ಮದೊಂದೇ ಎಂಬಂತೆ ಮೀಸೆ ತಿರುವುತ್ತಾರೆ. ನಮ್ಮವರೋ? ನವೆಂಬರ್‌ನಲ್ಲಿ ಬಾವುಟ, ಬಿಸಿಬೇಳೆಬಾತು, ಭಾಷಣ. ಮೇ ತಿಂಗಳಲ್ಲಿ ಕೋಲಾ. ಆ ಸಮಿತಿಯಲ್ಲಿ ಕನ್ನಡದವರೂ ಕೂತಿದ್ದರು. ಮೇಜು ಕೊಡಬೇಡಿ ಎಂದವರ ನಡುವೆ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದರು!

ಹಣ್ಣಿನ ಹೆಸರಿದ್ದಲ್ಲಿ ಹಣ್ಣಿರಬೇಕು, ನಾವು ಕೇಳುವುದು ಅಷ್ಟೇ. ಹೇಗೆ ಮಾಡುತ್ತಾರೋ ಅದು ಸಮಿತಿಗೆ ಬಿಟ್ಟದ್ದು, ಆದರೆ ಮಾಡಲೇಬೇಕು. ಭಾನುವಾರ ಸಂಜೆ ಮಕ್ಕಳನ್ನೂ ಕರೆದುಕೊಂಡು ಆ ಮಳಿಗೆಗೆ ಬನ್ನಿ, ಕೈಯಲ್ಲಿ ಅಡುಗೆ ಸೋಡಾ ಇರಲಿ. ಸೋಡಾ ಹಾಕಿ ತೋರಿಸಿ ಎಂದು ಕೇಳಿ. ಬಣ್ಣ ತಿರುಗದ ಬಾಟಲಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಅಹಿಂಸಾ ಖಂಡ, ನೀತಿ ಖಂಡ, ವೈಭವ ಖಂಡದ ಕೆಲವು ಕನ್ನಡ ಮನೆಯವರು

(ಓದಿದ ಮೇಲೆ ಎಸೆಯಬೇಡಿ, ಪಕ್ಕದ ಮನೆಗೆ ಕೊಡಿ.)