ತೇಲಿದ ಅಕ್ಕಿಕಾಳು

ಸರ್ಕಾರವು ಒಂದು ಯೋಜನೆಯನ್ನು ರೂಪಿಸುವಾಗ ತಜ್ಞರನ್ನು ಕೇಳುತ್ತದೆ, ಅಧಿಕಾರಿಗಳನ್ನು ಕೇಳುತ್ತದೆ, ಹಣಕಾಸಿನ ಇಲಾಖೆಯನ್ನಂತೂ ಕೇಳಿಯೇ ಕೇಳುತ್ತದೆ. ಆದರೆ ಆ ಯೋಜನೆಯ ಅಳಿವು ಉಳಿವು ಕೊನೆಗೆ ನಿರ್ಧಾರವಾಗುವುದು ಇವರಾರ ಮುಂದೆಯೂ ಅಲ್ಲ. ಊರಿನ ಜಗಲಿಯ ಮೇಲೆ, ಹೋಟೆಲಿನ ಬೆಂಚಿನ ಮೇಲೆ, ಅಡಿಗೆಮನೆಯ ಮೊರದ ಮುಂದೆ. ಅಲ್ಲಿ ಹುಟ್ಟುವ ಅಭಿಪ್ರಾಯಕ್ಕೆ ಕಡತವಿಲ್ಲ, ಸಹಿಯಿಲ್ಲ, ಮೇಲ್ಮನವಿಯೂ ಇಲ್ಲ. ವಿದ್ಯಾವಂತರಾದ ನಾವು ಅದನ್ನು ‘ಹಳ್ಳಿಯವರ ಮಾತು’ ಎಂದು ಕಡೆಗಣಿಸಿಬಿಡುವುದು ವಾಡಿಕೆ. ಈ ವಾಡಿಕೆ ಎಷ್ಟು ತಪ್ಪೆಂಬುದನ್ನು ನಮಗೆ ಕಲಿಸಿದ್ದು ಹೆಮ್ಮರಗಾಲದ ಒಂದು ಮೊರ.

ಹೆಮ್ಮರಗಾಲ ನಂಜನಗೂಡು ತಾಲ್ಲೂಕಿನ ಗ್ರಾಮ. ಅಲ್ಲಿಯ ಸಂತಾನ ವೇಣುಗೋಪಾಲಸ್ವಾಮಿಯ ಗುಡಿಗೆ ಮಕ್ಕಳ ಫಲವನ್ನು ಬೇಡಿ ದೂರದೂರದ ದಂಪತಿಗಳು ಬರುವುದನ್ನು ಮೈಸೂರು ಸೀಮೆಯವರೆಲ್ಲ ಬಲ್ಲರು. ೨೦೨೩ನೆಯ ಇಸವಿಯ ಕೊನೆಯಲ್ಲಿ ಪರಿಚಿತರೊಬ್ಬರ ಮನೆಗೆಂದು ಆ ಊರಿಗೆ ಹೋಗಿದ್ದೆವು. ಮನೆಯ ಹಿರಿಯಾಕೆ ನಡುಮನೆಯಲ್ಲಿ ಕುಳಿತು ಪಡಿತರದ ಅಕ್ಕಿಯನ್ನು ಮೊರಕ್ಕೆ ಸುರಿದುಕೊಂಡು ಹಸನು ಮಾಡುತ್ತಿದ್ದರು. ಕಲ್ಲು ನೆಲ್ಲುಗಳ ಜೊತೆಗೆ ಅವರು ಕೆಲವು ಕಾಳುಗಳನ್ನೂ ಆರಿಸಿ ಆರಿಸಿ ಅಂಗಳದ ಕೋಳಿಗಳ ಕಡೆಗೆ ಎಸೆಯುತ್ತಿದ್ದುದನ್ನು ಕಂಡು ಕಾರಣವನ್ನು ಕೇಳಿದೆವು.

“ಇದು ಪ್ಲಾಸ್ಟಿಕ್ ಅಕ್ಕಿ ಕಣಪ್ಪ ಮೇಷ್ಟ್ರೇ. ನೀರಿಗೆ ಹಾಕಿದರೆ ಒಳ್ಳೇ ಅಕ್ಕಿ ಮುಳುಗ್ತದೆ, ಇದು ಮಾತ್ರ ತೇಲ್ತದೆ. ಬಣ್ಣವೂ ಬೇರೆ. ಮೊಮ್ಮಗಳು ಬಸುರಿ, ಅವಳಿಗೆ ಇದನ್ನ ಹೆಂಗೆ ಉಣ್ಣಕ್ಕೆ ಇಕ್ಕಲಿ?” ಎಂದರು.

ನಮಗೆ ವಿಷಯ ಅಷ್ಟಿಷ್ಟು ಗೊತ್ತಿತ್ತು. “ಅಜ್ಜಿ, ಅದು ಪ್ಲಾಸ್ಟಿಕ್ ಅಲ್ಲ, ಸಾರವರ್ಧಿತ ಅಕ್ಕಿ” ಎಂದೆವು. ಆಕೆ ಒಂದು ಗಳಿಗೆ ನಮ್ಮ ಮುಖವನ್ನೇ ನೋಡಿ, “ಸಾರು ಹಾಕಿ ಮಾಡಿದ್ದ?” ಎಂದು ಕೇಳಿದರು. ಮನೆಮಂದಿಯೆಲ್ಲ ನಕ್ಕರು. ಇಪ್ಪತ್ತು ವರ್ಷ ಕನ್ನಡವನ್ನು ಪಾಠ ಹೇಳಿದ ನಾವೂ ನಕ್ಕೆವು. ಆದರೆ ಆ ನಗೆ ಬಹಳ ಹೊತ್ತು ಉಳಿಯಲಿಲ್ಲ. ಏಕೆಂದರೆ ಮುಂದೆ ಏನು ಹೇಳಬೇಕೆಂಬುದು ನಮಗೆ ತಿಳಿದಿರಲಿಲ್ಲ. ಹೆಸರು ಗೊತ್ತಿತ್ತು, ಸಂಗತಿ ಗೊತ್ತಿರಲಿಲ್ಲ. ಮನೆಗೆ ಹಿಂದಿರುಗಿದ ಮೇಲೆ ಓದಿ, ಬಲ್ಲವರನ್ನು ಕೇಳಿ ತಿಳಿದುಕೊಂಡುದನ್ನು ವಾಚಕರ ಮುಂದೆ ಇಡುತ್ತಿದ್ದೇವೆ.

೨೦೨೧ನೆಯ ಆಗಸ್ಟ್ ೧೫ರಂದು ಪ್ರಧಾನಿಯವರು ಕೆಂಪುಕೋಟೆಯ ಮೇಲಿಂದ ಮಾಡಿದ ಭಾಷಣದಲ್ಲಿ, ಸರ್ಕಾರದ ಯೋಜನೆಗಳ ಮೂಲಕ ಬಡವರಿಗೆ ಕೊಡುವ ಅಕ್ಕಿಯನ್ನೆಲ್ಲ ೨೦೨೪ರ ವೇಳೆಗೆ ಪೋಷಕಾಂಶ ಬೆರೆಸಿ ಕೊಡಲಾಗುವುದೆಂದು ಸಾರಿದರು. ಮರುವರ್ಷದ ಏಪ್ರಿಲಿನಲ್ಲಿ ಕೇಂದ್ರ ಸಚಿವ ಸಂಪುಟ ಅದಕ್ಕೆ ಒಪ್ಪಿಗೆ ಕೊಟ್ಟಿತು. ಕೆಲಸದ ರೀತಿ ಹೀಗೆ: ಅಕ್ಕಿಯನ್ನು ಹಿಟ್ಟು ಮಾಡಿ, ಆ ಹಿಟ್ಟಿಗೆ ಕಬ್ಬಿಣಾಂಶ, ಫೋಲಿಕ್ ಆಮ್ಲ ಮತ್ತು ಬಿ-೧೨ ಜೀವಸತ್ವಗಳನ್ನು ಕಲಸಿ, ಶ್ಯಾವಿಗೆಯನ್ನು ಒತ್ತುವಂತೆ ಯಂತ್ರದಲ್ಲಿ ಒತ್ತಿ, ಅಕ್ಕಿಯ ಆಕಾರಕ್ಕೆ ಕತ್ತರಿಸುತ್ತಾರೆ. ಈ ಕಾಳನ್ನು ನೂರು ಕೆ.ಜಿ. ಸಾಧಾರಣ ಅಕ್ಕಿಗೆ ಒಂದು ಕೆ.ಜಿ.ಯಂತೆ ಬೆರೆಸುತ್ತಾರೆ. ಬೆರೆಸಿದ ಅಕ್ಕಿಯ ಪ್ರತಿ ಕೆ.ಜಿ.ಯಲ್ಲಿ ೨೮ರಿಂದ ೪೨.೫ ಮಿಲಿಗ್ರಾಂ ಕಬ್ಬಿಣವೂ ೭೫ರಿಂದ ೧೨೫ ಮೈಕ್ರೋಗ್ರಾಂ ಫೋಲಿಕ್ ಆಮ್ಲವೂ ಇರಬೇಕೆಂದು ಕಟ್ಟಳೆ. ಹಿಟ್ಟಿನಿಂದ ಒತ್ತಿದ ಕಾಳು ಗದ್ದೆಯ ಕಾಳಿನಷ್ಟು ಗಟ್ಟಿಯಲ್ಲ. ಆದುದರಿಂದ ಅದರಲ್ಲಿ ಕೆಲವು ನೀರಿನಲ್ಲಿ ತೇಲುತ್ತವೆ. ಬೆರೆಸಿದ ವಸ್ತುಗಳ ದೆಸೆಯಿಂದ ಬಣ್ಣವೂ ತುಸು ಬೇರೆಯಾಗಿರುತ್ತದೆ.

ಈ ಏರ್ಪಾಡಿಗೆ ಕಾರಣವೂ ಇಲ್ಲದಿಲ್ಲ. ೨೦೧೯-೨೧ರಲ್ಲಿ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ೧೫ರಿಂದ ೪೯ ವರ್ಷದೊಳಗಿನ ಹೆಂಗಸರಲ್ಲಿ ನೂರಕ್ಕೆ ಸುಮಾರು ೪೮ ಮಂದಿಗೆ ರಕ್ತಹೀನತೆ. ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ ಸುಮಾರು ೬೫ ಮಂದಿಗೆ. ಕಬ್ಬಿಣಾಂಶ ಬೇಕಾದದ್ದು ಮುಖ್ಯವಾಗಿ ಇವರಿಗೆ. ಫೋಲಿಕ್ ಆಮ್ಲವಂತೂ ಬಸಿರಿನ ಮೊದಲ ವಾರಗಳಲ್ಲಿ ಶಿಶುವಿನ ಮೆದುಳು ಬೆನ್ನುಹುರಿಗಳು ಸರಿಯಾಗಿ ರೂಪುಗೊಳ್ಳಲು ಅವಶ್ಯವಾದ ವಸ್ತು.

ಈಗ ಆ ಮೊರದ ಕಡೆಗೆ ಮತ್ತೊಮ್ಮೆ ನೋಡೋಣ. ಬಸುರಿಯಾದ ಮೊಮ್ಮಗಳಿಗಾಗಿ ದೂರದ ಕಾರ್ಖಾನೆಯೊಂದರಲ್ಲಿ ತಯಾರಾಗಿ, ಗೋದಾಮುಗಳನ್ನು ದಾಟಿ, ಸೊಸೈಟಿಯ ತಕ್ಕಡಿಯನ್ನು ಏರಿ ಇಳಿದು ಹೆಮ್ಮರಗಾಲದ ಮನೆಯವರೆಗೆ ಬಂದ ಕಾಳು ಅದೇ ಮೊಮ್ಮಗಳ ಮೇಲಿನ ಮಮತೆಯಿಂದಲೇ ಕೋಳಿಯ ಪಾಲಾಯಿತು. ನೂರರಲ್ಲಿ ಒಂದು ಪಾಲನ್ನು ಹುಡುಕಿ ಹುಡುಕಿ ಹೊರಗೆ ಹಾಕಿದರೆ ಉಳಿದ ತೊಂಬತ್ತೊಂಬತ್ತು ಪಾಲು ಮೊದಲಿನ ಅಕ್ಕಿಯೇ. ಬೊಕ್ಕಸದ ಹಣ ಹೋಯಿತು. ರಕ್ತ ಮಾತ್ರ ಹೆಚ್ಚಲಿಲ್ಲ.

ಇದಕ್ಕೆ ಯಾರನ್ನು ದೂರಬೇಕು? ‘ಅಜ್ಞಾನ’ ಎಂದು ಒಂದು ಮಾತಿನಲ್ಲಿ ತೀರ್ಪು ಕೊಡುವುದು ಸುಲಭ. ಆದರೆ ಆ ಅಜ್ಜಿ ಮಾಡಿದ್ದೇನು? ಎರಡು ಬಗೆಯ ಕಾಳುಗಳ ವ್ಯತ್ಯಾಸವನ್ನು ಕಣ್ಣಿಟ್ಟು ನೋಡಿದರು. ನೀರಿಗೆ ಹಾಕಿ ಪರೀಕ್ಷಿಸಿದರು. ಮುಳುಗಿದ್ದು ಯಾವುದು, ತೇಲಿದ್ದು ಯಾವುದು ಎಂದು ವಿಂಗಡಿಸಿದರು. ತಮಗೆ ತಿಳಿದ ವಸ್ತುಗಳಲ್ಲಿ ಹಗುರವಾಗಿ ತೇಲುವುದು ಯಾವುದೆಂದು ಯೋಚಿಸಿ ಒಂದು ನಿರ್ಣಯಕ್ಕೆ ಬಂದರು. ಇದು ವಿಜ್ಞಾನದ ದಾರಿಯೇ. ನಿರ್ಣಯ ತಪ್ಪಾದುದಕ್ಕೆ ಕಾರಣ ಅವರ ಬುದ್ಧಿಯ ದೋಷವಲ್ಲ. ಪ್ಲಾಸ್ಟಿಕ್ ಎಂಬುದಲ್ಲದೆ ಬೇರೊಂದು ವಿವರಣೆಯೂ ಉಂಟೆಂದು ಅವರಿಗೆ ಯಾರೂ ಹೇಳಲಿಲ್ಲ. ಬರಿಯ ‘ಸಾರವರ್ಧಿತ’ ಎಂಬ ಪದವನ್ನು ನಂಬಿ ಕಾಳನ್ನು ಪರೀಕ್ಷಿಸದೆ ಇದ್ದ ನಮಗಿಂತ ಅವರೇ ಹೆಚ್ಚು ವೈಜ್ಞಾನಿಕರು ಎಂದರೂ ಸಲ್ಲುತ್ತದೆ.

ಕೋಳಿಯ ಮಾತು ಬಂದುದರಿಂದ ಒಂದು ಹಳೆಯ ಕಥೆ ನೆನಪಾಗುತ್ತದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಜಾವಾ ದ್ವೀಪದಲ್ಲಿದ್ದ ಐಕ್‌ಮನ್ ಎಂಬ ಡಚ್ ವೈದ್ಯರು ಬೆರಿಬೆರಿ ರೋಗದ ಮೂಲವನ್ನು ಹುಡುಕುತ್ತಿದ್ದರು. ಪಾಲಿಶ್ ಮಾಡಿದ ಬಿಳಿಯ ಅಕ್ಕಿಯನ್ನು ತಿಂದ ಕೋಳಿಗಳು ಕಾಲು ಸೋತು ಬೀಳುತ್ತಿದ್ದುವು. ತೌಡು ಕಳೆಯದ ಅಕ್ಕಿಗೆ ಮರಳಿದಾಗ ಚೇತರಿಸಿಕೊಳ್ಳುತ್ತಿದ್ದುವು. ಆ ಅಂಗಳದ ಕೋಳಿಗಳಿಂದ ಮುಂದೆ ಜೀವಸತ್ವಗಳ ಶಾಸ್ತ್ರವೇ ಬೆಳೆಯಿತು. ೧೯೨೯ರಲ್ಲಿ ಐಕ್‌ಮನ್ನರಿಗೆ ನೊಬೆಲ್ ಪಾರಿತೋಷಕದ ಗೌರವವೂ ಬಂದಿತು. ಒನಕೆಯ ಅಕ್ಕಿಯನ್ನು ಬಿಟ್ಟು ಗಿರಣಿಯ ಬಿಳುಪಿಗೆ ಮರುಳಾದ ಲೋಕ ಕಳೆದುಕೊಂಡುದೇನೆಂಬುದನ್ನು ಆ ಕೋಳಿಗಳು ತೋರಿಸಿಕೊಟ್ಟುವು. ಒಂದು ಯಂತ್ರ ಕಳೆದುದರಲ್ಲಿ ಸ್ವಲ್ಪವನ್ನು ಇನ್ನೊಂದು ಯಂತ್ರದಿಂದ ತುಂಬಿಕೊಡುವ ಪ್ರಯತ್ನವೇ ಇಂದಿನ ಈ ಕಾಳು. ಇಷ್ಟನ್ನು ಹೇಳಿದರೆ ಹೆಮ್ಮರಗಾಲದಲ್ಲಿ ಅರ್ಥವಾಗದವರು ಯಾರಿದ್ದಾರೆ? ಪಾಲಿಶ್ ಅಕ್ಕಿಯ ಅನ್ನದಲ್ಲಿ ‘ಕಸುವಿಲ್ಲ’ ಎಂದು ಹೇಳುತ್ತ ಬಂದವರು ಅವರೇ.

ಜನರ ಸಂಶಯವನ್ನೆಲ್ಲ ಹುಸಿಯೆಂದು ತಳ್ಳಿಹಾಕುವಂತೆಯೂ ಇಲ್ಲ. ಪ್ಲಾಸ್ಟಿಕ್ ಎಂಬ ಮಾತು ಸುಳ್ಳು. ಆದರೆ ‘ನಮ್ಮ ತಟ್ಟೆಗೆ ಬೆರೆಸಿದ್ದೇನು, ಅದು ಎಲ್ಲರಿಗೂ ಒಗ್ಗುವುದೋ?’ ಎಂಬ ಪ್ರಶ್ನೆ ಸುಳ್ಳಲ್ಲ. ಥಲಸ್ಸೀಮಿಯಾ ಇರುವವರು ಕಬ್ಬಿಣಾಂಶ ಬೆರೆಸಿದ ಆಹಾರವನ್ನು ವೈದ್ಯರ ಸಲಹೆಯ ಮೇರೆಗೆ ಸೇವಿಸಬೇಕೆಂದೂ ಕುಡಗೋಲುಕಣ ರಕ್ತಹೀನತೆ ಇರುವವರು ಸೇವಿಸಬಾರದೆಂದೂ ಚೀಟಿಯ ಮೇಲೆ ಮುದ್ರಿಸಬೇಕೆಂದು ಸರ್ಕಾರದ ನಿಯಮವೇ ಹೇಳುತ್ತಿತ್ತು. ಈ ಎರಡನೆಯ ಕಾಯಿಲೆ ನಮ್ಮ ಮೈಸೂರು, ಚಾಮರಾಜನಗರ ಜಿಲ್ಲೆಗಳ ಸೋಲಿಗರು, ಜೇನುಕುರುಬರು ಮೊದಲಾದ ಕಾಡಿನ ಜನರಲ್ಲಿ ಉಂಟು. ಎಚ್ಚರಿಕೆಯನ್ನು ಮುದ್ರಿಸಿದ್ದಾದರೂ ಎಲ್ಲಿ? ಚೀಲದ ಮೇಲೆ. ಪಡಿತರದಾರನು ಚೀಲವನ್ನು ಕೊಳ್ಳುವುದಿಲ್ಲ; ತೂಗಿ ಸುರಿದ ಅಕ್ಕಿಯನ್ನು ತನ್ನ ಕೈಚೀಲದಲ್ಲಿ ಒಯ್ಯುತ್ತಾನೆ. ತಜ್ಞರ ಸಮಿತಿಯೊಂದು ಪರಿಶೀಲಿಸಿ, ಈ ಭಯಕ್ಕೆ ಆಧಾರ ಸಾಲದೆಂದು ಹೇಳಿದ ಮೇಲೆ ೨೦೨೪ರಲ್ಲಿ ಆ ಎಚ್ಚರಿಕೆಯನ್ನೇ ತೆಗೆದುಹಾಕಲಾಯಿತು. ಸಮಿತಿಯ ನಿರ್ಣಯ ಸರಿಯೇ ಇರಬಹುದು. ಆದರೆ ಎಚ್ಚರಿಕೆ ಬಂದುದೂ ಹೋದುದೂ ಯಾರಿಗಾಗಿ ಬಂದಿತ್ತೋ ಅವರಿಗೆ ತಿಳಿಯಲೇ ಇಲ್ಲ. ಇದು ವಿಜ್ಞಾನದ ಸೋಲಲ್ಲ, ಭಾಷೆಯ ಸೋಲು.

ಇನ್ನು ಕೆಲವರು, ಅವರಲ್ಲಿ ವೈದ್ಯರೂ ಉಂಟು, ಬೇರೊಂದು ಬಗೆಯಾಗಿ ವಾದಿಸುತ್ತಾರೆ: ಒಂದೆರಡು ವಸ್ತುಗಳನ್ನು ಅಕ್ಕಿಗೆ ಬೆರೆಸುವುದಕ್ಕಿಂತ ರಾಗಿ, ಬೇಳೆ, ಸೊಪ್ಪು, ಮೊಟ್ಟೆಗಳು ಬಡವನ ಮನೆಗೆ ಎಟಕುವಂತೆ ಮಾಡುವುದು ಮೇಲಲ್ಲವೇ? ಮುದ್ದೆಯೂ ಉಪ್ಪುಸಾರೂ ತಲೆಮಾರುಗಳನ್ನು ಸಾಕಿದ ಈ ಸೀಮೆಯಲ್ಲಿ ಆ ಪ್ರಶ್ನೆಗೆ ವಿಶೇಷವಾದ ತೂಕವಿದೆ. ನಮ್ಮ ದೃಷ್ಟಿಯಲ್ಲಿ ಎರಡಕ್ಕೂ ವಿರೋಧವಿರಬೇಕಾಗಿಲ್ಲ. ರಾಗಿ ಬರುವವರೆಗೆ ಕಾಳು ಬೇಡವೆನ್ನುವುದೂ, ಕಾಳು ಬಂದಿತೆಂದು ರಾಗಿಯನ್ನು ಮರೆಯುವುದೂ ಎರಡೂ ತಪ್ಪು. ಆದರೆ ಈ ಚರ್ಚೆ ನಡೆಯಬೇಕಾದುದು ದೆಹಲಿಯ ಕಡತಗಳಲ್ಲಿ ಮಾತ್ರವಲ್ಲ, ಉಣ್ಣುವವರ ನಡುವೆ.

ಕನ್ನಡಕ್ಕೆ ಇದು ಹೊಸ ಕೆಲಸವೂ ಅಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿಯೇ ಬೆಳ್ಳಾವೆ ವೆಂಕಟನಾರಣಪ್ಪನವರು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೊಡನೆ ‘ವಿಜ್ಞಾನ’ ಎಂಬ ಮಾಸಪತ್ರಿಕೆಯನ್ನು ನಡೆಸಿದರು. ಮೈಸೂರು ವಿಶ್ವವಿದ್ಯಾನಿಲಯದ ಅಧ್ಯಾಪಕರು ಪ್ರಚಾರೋಪನ್ಯಾಸಗಳೆಂದು ಊರೂರಿಗೆ ಹೋಗಿ ಕನ್ನಡದಲ್ಲಿ ಮಾತನಾಡಿದರು. ಆ ಉಪನ್ಯಾಸಗಳು ಚಿಕ್ಕ ಪುಸ್ತಕಗಳಾಗಿ ಬಂದುವು. ಶಿವರಾಮ ಕಾರಂತರು ಒಬ್ಬರೇ ಕುಳಿತು ‘ವಿಜ್ಞಾನ ಪ್ರಪಂಚ’ದ ಸಂಪುಟಗಳನ್ನು ಬರೆದರು. ಇವರಾರೂ ಪದವನ್ನು ಕೊಟ್ಟು ಸುಮ್ಮನಾಗಲಿಲ್ಲ. ಪದದ ಹಿಂದಿನ ಪದಾರ್ಥವನ್ನು ತೋರಿಸಲು ಶ್ರಮಪಟ್ಟರು. ಅವರ ವಾರಸುದಾರರಾದ ನಾವು ಪಾರಿಭಾಷಿಕ ಪದವೊಂದನ್ನು ಸಂಸ್ಕೃತದಿಂದ ಕಡೆದು ನಿಲ್ಲಿಸಿ ಕರ್ತವ್ಯ ಮುಗಿಯಿತೆಂದುಕೊಂಡಿದ್ದೇವೆ. ‘ಸಾರವರ್ಧಿತ’ ಎಂಬುದು ವ್ಯಾಕರಣಕ್ಕೆ ಶುದ್ಧ, ಕಿವಿಗೆ ಗಂಭೀರ, ಅಡಿಗೆಮನೆಗೆ ನಿರುಪಯೋಗಿ. ‘ಕಸುವು ಬೆರೆಸಿದ ಅಕ್ಕಿ’ ಎಂದಿದ್ದರೆ ಆ ಅಜ್ಜಿ ನಗುತ್ತಿರಲಿಲ್ಲ, ‘ಯಾವ ಕಸುವು?’ ಎಂದು ಕೇಳುತ್ತಿದ್ದರು. ಆ ಪ್ರಶ್ನೆಯೇ ನಮಗೆ ಬೇಕಾಗಿದ್ದುದು.

ಹಾಗಾದರೆ ಮಾಡಬೇಕಾದುದೇನು? ನ್ಯಾಯಬೆಲೆ ಅಂಗಡಿಯ ಗೋಡೆಯ ಮೇಲೆ, ತಕ್ಕಡಿಯ ಪಕ್ಕದಲ್ಲಿ, ದಪ್ಪ ಅಕ್ಷರದ ನಾಲ್ಕು ಸಾಲು ಸಾಕು: ಇದು ಅಕ್ಕಿಯ ಹಿಟ್ಟಿನ ಕಾಳು, ಇದರಲ್ಲಿ ಇಂತಿಂಥದು ಬೆರೆತಿದೆ, ಇದು ತೇಲುವುದು ಸಹಜ, ಆರಿಸಿ ಎಸೆಯಬೇಡಿ. ಓದು ಬಾರದವರಿಗೆ ಅಂಗಡಿಯವನು ಬಾಯಲ್ಲಿ ಹೇಳಲಿ. ಊರಿನ ಶಾಲೆಯ ಉಪಾಧ್ಯಾಯರು ಒಂದು ದಿನ ಅದೇ ಕಾಳನ್ನು ಎಲ್ಲರೆದುರಿಗೆ ಪುಡಿ ಮಾಡಿ ಒಂದು ತೊಟ್ಟು ಅಯೋಡಿನ್ ದ್ರಾವಣವನ್ನು ಹಾಕಲಿ. ಪಿಷ್ಟವಿರುವುದರಿಂದ ಪುಡಿ ಕಡುನೀಲಿಯಾಗುತ್ತದೆ. ಪಕ್ಕದಲ್ಲಿಟ್ಟ ಪ್ಲಾಸ್ಟಿಕ್ಕಿನ ಚೂರು ಹಾಗೆ ಆಗುವುದಿಲ್ಲ. ನೂರು ಪ್ರಕಟಣೆಗಳು ಮಾಡದ ಕೆಲಸವನ್ನು ಆ ಒಂದು ತೊಟ್ಟು ಮಾಡೀತು. ಏಕೆಂದರೆ ಅದು ಜನರಿಗೆ ‘ನಂಬಿ’ ಎನ್ನುವುದಿಲ್ಲ, ‘ನೋಡಿ’ ಎನ್ನುತ್ತದೆ. ವೈಜ್ಞಾನಿಕ ಮನೋಭಾವವನ್ನು ಬೆಳೆಸಿಕೊಳ್ಳುವುದು ಪ್ರಜೆಯ ಕರ್ತವ್ಯವೆಂದು ೧೯೭೬ರಲ್ಲಿ ಸಂವಿಧಾನಕ್ಕೆ ಸೇರಿಸಲಾಯಿತು. ಪ್ರಜೆ ತನ್ನ ಮೊರದ ಮುಂದೆ ಆ ಕರ್ತವ್ಯವನ್ನು ಮಾಡುತ್ತಲೇ ಇದ್ದಾಳೆ. ಅವಳಿಗೆ ಕಾರಣವನ್ನು ತಿಳಿಸುವ ಕರ್ತವ್ಯ ಸರ್ಕಾರದ್ದು, ವಿದ್ಯಾವಂತರದ್ದು.

ಕೆಲವು ವಾರಗಳ ಮೇಲೆ ಹೆಮ್ಮರಗಾಲಕ್ಕೆ ಮತ್ತೆ ಹೋದಾಗ ಕಾಲೇಜಿನ ಪ್ರಯೋಗಶಾಲೆಯಿಂದ ಅಯೋಡಿನ್ನಿನ ಒಂದು ಸಣ್ಣ ಸೀಸೆಯನ್ನು ಕೇಳಿ ಪಡೆದು ಒಯ್ದಿದ್ದೆವು. ಅಜ್ಜಿ ಕಾಳನ್ನು ತಾವೇ ಆರಿಸಿ ಕೊಟ್ಟರು. ತಾವೇ ಒರಳಿನಲ್ಲಿ ಕುಟ್ಟಿದರು. ಬಣ್ಣ ತಿರುಗಿದುದನ್ನು ಬಗ್ಗಿ ನೋಡಿ, “ಇಷ್ಟೇನಾ? ಇದನ್ನ ಮೊದಲೇ ಹೇಳಬಾರದಾಗಿತ್ತಾ ಮೇಷ್ಟ್ರೇ?” ಎಂದರು. ಆ ಮಾತಿಗೆ ಆಗಲೂ ನಮ್ಮಲ್ಲಿ ಉತ್ತರವಿರಲಿಲ್ಲ, ಈಗಲೂ ಇಲ್ಲ.